ಬುಕ್ಕು ನೋಡಿ ತಂದ ಟಗರು

ನಮ್ಮ ಹಿರಿಯೂರು ಕಡೆ ಟಗರು ಕೊಳ್ಳುವವರು ಮೊದಲು ಕೊಂಬು ನೋಡುತ್ತಾರೆ, ಆಮೇಲೆ ಎದೆ. ಮೂರು ವರ್ಷದ ಹಿಂದೆ ನಾನು ತಂದ ನಾರಿ ಸುವರ್ಣ ತಳಿಯ ಟಗರಿಗೆ ಎರಡೂ ಅಷ್ಟಕ್ಕಷ್ಟೇ. ರೊಪ್ಪದ ಹತ್ತಿರ ಇಳಿಸಿದಾಗ ನಮ್ಮ ಮಾವ "ದುಡ್ಡು ಕೊಟ್ಟು ಇದನ್ನ ತಂದ್ಯಾ?" ಅಂದರು. ನಿಜ ಹೇಳಬೇಕಂದ್ರೆ ದುಡ್ಡು ಕೊಟ್ಟದ್ದು ಟಗರಿಗಿಂತ ಜಾಸ್ತಿ ಅದರ ಬುಕ್ಕಿಗೆ, ಅಂದರೆ ಮಾರಿದ ಫಾರಂನವರು ಬರೆದಿಟ್ಟ ದಾಖಲೆಗೆ.

ಆ ಫಾರಂನಲ್ಲಿ ಮರಿ ಹುಟ್ಟಿದ ದಿನವೇ ಕಿವಿಗೆ ನಂಬರಿನ ಓಲೆ ಹಾಕಿ ತೂಕ ಬರೆಯುತ್ತಾರೆ. ಮೂರು ತಿಂಗಳಿಗೆ ಮತ್ತೆ ತೂಕ. ಒಂಟಿಯೋ ಅವಳಿಯೋ, ತಾಯಿ ಪ್ರತಿ ಸೂಲಿಗೆ ಎಷ್ಟು ಹಾಕಿದೆ, ಎಷ್ಟು ಬದುಕಿದವು, ಎಲ್ಲಾ ಒಂದೇ ಸಾಲಿನಲ್ಲಿ. ಮೂರು ತಿಂಗಳಿಗೆ 17 ಕೆಜಿ ತೂಗಿದ್ದ ಒಂದು ಕಟ್ಟುಮಸ್ತಾದ ಟಗರಿನ ಮೇಲೆ ನನ್ನ ಕಣ್ಣಿತ್ತು. "ಅದು ಒಂಟಿ ಮರಿ ಅಣ್ಣ, ಹಾಲೆಲ್ಲ ಒಬ್ಬನೇ ಕುಡಿದದ್ದು" ಅಂದ ಅಲ್ಲಿನ ಹುಡುಗ. ನಾನು ತಂದದ್ದು 14 ಕೆಜಿ ತೂಗಿದ್ದ ಅವಳಿ. ಹಾಲು ಹಂಚಿಕೊಂಡೂ ಅಷ್ಟು ಬಂದಿತ್ತು.

ಈ ತಳಿಯ ಅವಳಿ ಗುಣ ಬಂದದ್ದು ಬಂಗಾಳದ ಸುಂದರಬನದ ಗರೋಲ್ ಕುರಿಯಿಂದ. ಮಹಾರಾಷ್ಟ್ರದ ಫಲ್ಟಣ್‌ನ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಅದನ್ನು ದಖ್ಖನಿ ಕುರಿಗೆ ತಂದರು. ಟಗರಿನ ಮುಖ ನೋಡಿದರೆ ಅದು ಕಾಣಿಸುವುದಿಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಟಗರಿನಲ್ಲಿ ಈ ಅವಳಿ ಗುಣದ ಜೀನ್ ಎರಡು ಪಾಲು ಇದ್ದರೆ ಹೆಣ್ಣು ಮರಿಗಳಿಗೆಲ್ಲ ಒಂದೊಂದು ಪಾಲು ಖಾತ್ರಿ. ಒಂದೇ ಇದ್ದರೆ ಅರ್ಧಕ್ಕರ್ಧ ಅದೃಷ್ಟ.

ಎಡವಟ್ಟಾದದ್ದು ಇಲ್ಲೇ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ನಂಬರು 417, ಟಗರಿನ ಕಿವಿಯಲ್ಲಿ 471. ಮನೆಗೆ ಬಂದ ಮೇಲೆ ನೋಡಿದೆ. ನಂಬರೇ ತಪ್ಪಿದರೆ ಬುಕ್ಕು ಇಟ್ಟು ಏನು ಬಂತು, ಅಲ್ವಾ? ಮೂರು ಸಲ ಫೋನ್ ಮಾಡಿದ ಮೇಲೆ ಬಂದು ಮತ್ತೆ ರಕ್ತ ತೆಗೆದುಕೊಂಡು ಹೋದರು. ರಿಪೋರ್ಟ್ ಬರಲು ಐದು ವಾರ. ಅಲ್ಲಿವರೆಗೆ ಟಗರನ್ನು ಬೇವಿನ ಮರಕ್ಕೆ ಕಟ್ಟಿ ಸುಮ್ನೆ ಮೇವು ಹಾಕಿದೆ. ಕೊನೆಗೆ ಎರಡು ಪಾಲು ಅಂತಲೇ ಬಂತು. ಪರೀಕ್ಷೆಯ ಖರ್ಚು ಅವರೇ ಹಾಕಿಕೊಂಡರು, ಅದು ಒಪ್ಪಬೇಕಾದ್ದೇ.

ಈ ವರ್ಷ ಅದರ ಹೆಣ್ಣು ಮಕ್ಕಳಲ್ಲಿ ಒಂಬತ್ತು ಈದವು. ಐದು ಅವಳಿ. ನಮ್ಮ ಬಳ್ಳಾರಿ ಕುರಿಗಳಲ್ಲಿ ನಾನು ಹೀಗೆ ಕಂಡಿರಲಿಲ್ಲ. ಆದರೆ ಹಾಲು ಸಾಲದೆ ಎರಡು ಮರಿಗೆ ಬಾಟಲಿ ಹಿಡಿಯಬೇಕಾಯಿತು, ಒಂದು ಉಳಿಯಲಿಲ್ಲ. ಗಬ್ಬದ ಕುರಿಗೆ ಕೊನೆಯ ತಿಂಗಳು ಕೈ ಮೇವು ಜಾಸ್ತಿ ಬೇಕು ಅಂತ ಮಾರುವಾಗಲೇ ಹೇಳಬಹುದಿತ್ತು.

ಒಟ್ಟಿನಲ್ಲಿ ಆ ಫಾರಂಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮಗಳ ಮೇಲೆ ಅಪ್ಪನನ್ನೇ ಬಿಡಲಾಗದು, ಹಾಗಾಗಿ ದೀಪಾವಳಿ ಕಳೆದ ಮೇಲೆ ಇನ್ನೊಂದು ಟಗರಿಗೆ ಅಲ್ಲಿಗೇ ಹೋಗುವವನಿದ್ದೇನೆ. ಈ ಸಲ ಗಾಡಿ ಹತ್ತಿಸುವ ಮೊದಲು ಕಿವಿ ಹಿಡಿದು ನಂಬರು ಓದುತ್ತೇನೆ.