ಶಾರ್ದಾಂ ಚಿತ್ರಿಸಿದ ಸ್ಟ್ರಾಬೆರಿ ಬುಟ್ಟಿ: ಕೊಂಡ ಎರಡು ಪ್ರಿಂಟ್‌ಗಳ ವಿಮರ್ಶೆ

ಫ್ರೆಂಚ್ ಕಲಾವಿದ ಜಾಂ-ಸಿಮೆಯೊಂ ಶಾರ್ದಾಂ 1761ರಲ್ಲಿ ಚಿತ್ರಿಸಿದ ಕಾಡು ಸ್ಟ್ರಾಬೆರಿ ಬುಟ್ಟಿಯ ಪ್ರತಿಯನ್ನು ಊಟದ ಕೋಣೆಗೆಂದು ಎರಡು ಬಾರಿ ತರಿಸಿಕೊಂಡಿದ್ದೇನೆ. ಒಂದು ಹೊಳಪು ಲೇಪದ ಕ್ಯಾನ್ವಾಸ್ ಪ್ರಿಂಟ್, ಇನ್ನೊಂದು ಹೊಳಪಿಲ್ಲದ ದಪ್ಪ ಕಾಗದದ್ದು.

ಮೊದಲನೆಯದನ್ನು ಯಾರೂ ಕೊಳ್ಳಬೇಡಿ. ಮೂಲ ಚಿತ್ರ ಸುಮಾರು 38 ಸೆಂ.ಮೀ. ಎತ್ತರ, 46 ಸೆಂ.ಮೀ. ಅಗಲವಿದ್ದರೆ, ಮಾರಾಟಗಾರರು ಅದನ್ನು ಮೂರಡಿಗೆ ಹಿಗ್ಗಿಸಿದ್ದರು. ಹಣ್ಣಿನ ಕೆಂಪು ಕುಂಕುಮದಂತೆ ಕಣ್ಣಿಗೆ ಹೊಡೆಯುತ್ತಿತ್ತು, ಹಿನ್ನೆಲೆಯ ಮೆದು ಕಂದು ಬಣ್ಣ ಕಪ್ಪಾಗಿತ್ತು. ಹಿಂದಿರುಗಿಸುತ್ತೇನೆಂದರೆ ಅವರು ಒಪ್ಪಲಿಲ್ಲ.

ಎರಡನೆಯದು ಮೂಲದ ಅಳತೆಯಲ್ಲಿಯೇ ಇದೆ. ಗೋಪುರದಂತೆ ಪೇರಿಸಿದ ಸ್ಟ್ರಾಬೆರಿಗಳು, ಎಡಕ್ಕೆ ನೀರಿನ ಲೋಟ, ಎದುರಿಗೆ ಎರಡು ಬಿಳಿ ಕಾರ್ನೇಶನ್ ಹೂಗಳು, ಬಲಕ್ಕೆ ಒಂದು ಪೀಚ್ ಮತ್ತು ಎರಡು ಚೆರ್ರಿ: ಇಷ್ಟೇ ಸಾಮಗ್ರಿ. ಆ ಬಿಳಿ ಹೂಗಳನ್ನು ಬೆರಳಿನಿಂದ ಮರೆಮಾಡಿ ನೋಡಿದೆ, ಬುಟ್ಟಿಯ ಕೆಂಪು ಒಮ್ಮೆಲೇ ಭಾರವಾಯಿತು; ಬೆರಳು ತೆಗೆದೊಡನೆ ಚಿತ್ರ ಮತ್ತೆ ಉಸಿರಾಡಿತು. ಇಂಥ ಸೂಕ್ಷ್ಮ ಸಮತೋಲ ಈ ಕಾಗದದಲ್ಲಿ ಉಳಿದಿದೆ.

ಬಿಲಿಯರ್ಡ್ಸ್ ಮೇಜು ಮಾಡುವ ಬಡಗಿಯ ಮಗನಾಗಿ 1699ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಶಾರ್ದಾಂ, ಪುರಾಣ ಮತ್ತು ಇತಿಹಾಸದ ಚಿತ್ರಗಳಿಗೇ ಮೊದಲ ಮಣೆ ಹಾಕುತ್ತಿದ್ದ ರಾಜ ಅಕಾಡೆಮಿಗೆ 1728ರಲ್ಲಿ ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರನಾಗಿಯೇ ಸೇರಿದವರು. ತಾಮ್ರದ ಹಂಡೆ, ಮಣ್ಣಿನ ಪಾತ್ರೆ, ಈರುಳ್ಳಿಯನ್ನು ಅವರಷ್ಟು ಗೌರವದಿಂದ ನೋಡಿದವರು ವಿರಳ. ಕಣ್ಣಿನ ತೊಂದರೆಯಿಂದ ತೈಲವರ್ಣ ಕಷ್ಟವಾದಾಗ, 1770ರ ದಶಕದಲ್ಲಿ, ಪಾಸ್ಟೆಲ್ ಎಂಬ ಒಣ ಬಣ್ಣದ ಕಡ್ಡಿ ಹಿಡಿದು ಕನ್ನಡಕ ಧರಿಸಿದ ತಮ್ಮದೇ ಮುಖವನ್ನು ಚಿತ್ರಿಸಿದರು.

ಅವರ ಚಿತ್ರಗಳ ಬಳಿ ಹೋದರೆ ಎಲ್ಲವೂ ಕಲಸಿಹೋಗುತ್ತದೆ, ದೂರ ಸರಿದರೆ ಮತ್ತೆ ರೂಪ ತಾಳುತ್ತದೆ ಎಂದು ಸಮಕಾಲೀನ ಚಿಂತಕ ದಿದೆರೊ 1763ರಲ್ಲಿ ಬರೆದಿದ್ದರು. ಪ್ರಿಂಟ್ ಸೋಲುವುದು ಇಲ್ಲಿಯೇ. ಹತ್ತಿರದಿಂದ ನೋಡಿದರೆ ಕಾಣುವುದು ಶಾಯಿಯ ಚುಕ್ಕೆಗಳು ಮಾತ್ರ. ಪದರದ ಮೇಲೆ ಪದರವಾಗಿ ಕುಳಿತ ಬಣ್ಣದ ಒರಟುತನ ಯಾವ ಯಂತ್ರಕ್ಕೂ ದಕ್ಕುವಂಥದ್ದಲ್ಲ. ಅದಕ್ಕಾಗಿ ಪ್ಯಾರಿಸ್‌ಗೇ ಹೋಗಬೇಕು: 2022ರ ಹರಾಜಿನಲ್ಲಿ 2.4 ಕೋಟಿ ಯೂರೋಗೂ ಹೆಚ್ಚು ಬೆಲೆ ಕಂಡ ಮೂಲ ಚಿತ್ರ, ಸಾವಿರಾರು ಸಾಮಾನ್ಯ ಜನರ ದೇಣಿಗೆಯೂ ಸೇರಿ, ಈಗ ಲೂವ್ರ್ ಸಂಗ್ರಹಾಲಯದ್ದಾಗಿದೆ.

ಕೊಳ್ಳುವವರು ಮೂಲದ ಅಳತೆಯನ್ನೇ ಕೇಳಿ, ಪ್ರತಿಫಲಿಸದ ಗಾಜು ಹಾಕಿಸಿ, ಕುಳಿತವರ ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ನಮ್ಮಲ್ಲಿ ಅದು ಕಿಟಕಿಗೆ ಅಡ್ಡಲಾಗಿರುವ ಗೋಡೆಯಲ್ಲಿದೆ. ಸಂಜೆಯ ಓರೆ ಬೆಳಕಿನಲ್ಲಿ ನೀರಿನ ಲೋಟವೇ ಮೊದಲು ಕಾಣುತ್ತದೆ.