ಒಂದೂ ವೈರ್ ಕಾಣಿಸದ ಮನೆ: ಗಿಲಾವು ಮೆತ್ತಿಸುವ ಮೊದಲು ಇದನ್ನು ಓದಿ

ಮನೆಯ ಕೋಣೆಕೋಣೆಗೂ ನೆಟ್‌ವರ್ಕ್ ಕೇಬಲ್ ಎಳೆಸಬೇಕು, ಆದರೆ ಒಂದು ಎಳೆಯೂ ಕಣ್ಣಿಗೆ ಬೀಳಬಾರದು ಎಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ ಇನ್ನೂ ಶುರುವಾಗದಿದ್ದರೆ ಬಿಡುವು ಮಾಡಿಕೊಂಡು ಓದಿ. ಗೋಡೆ ಕೊರೆದಾಗಿದೆ, ಗಿಲಾವು ಮಾತ್ರ ಬಾಕಿ ಎಂದಾದರೆ ಈಗಲೇ ಓದಿ, ಮೇಸ್ತ್ರಿಗೆ ಒಂದು ದಿನ ತಡೆಯಲು ಹೇಳಿ.

ನಮ್ಮ ಮನೆಯಲ್ಲಿ ಕೆಲಸ ಮಾಡಿದವರ ಹೆಸರು ಹೇಳುವುದಿಲ್ಲ. ಇದೇ ಕೆಲಸ ಇದೇ ರೀತಿ ಮಾಡುವವರು ಬೇಕಾದಷ್ಟು ಜನರಿದ್ದಾರೆ. ಅವರು ಯಾರು ಅನ್ನುವುದಕ್ಕಿಂತ ಏನೇನು ಮಾಡುತ್ತಾರೆ ಅನ್ನುವುದು ಗೊತ್ತಿದ್ದರೆ ಹೆಚ್ಚು ಉಪಯೋಗ.

ಬರವಣಿಗೆಯಲ್ಲಿ ಕೊಟ್ಟಿದ್ದ ಮಾತು ಹೀಗಿತ್ತು: ಪ್ರತಿ ಕೋಣೆಗೆ ಎರಡು ಪಾಯಿಂಟ್, ಕ್ಯಾಟ್ 6 ದರ್ಜೆಯ ಕೇಬಲ್, ಅಪ್ಪಟ ತಾಮ್ರ, ಎಲ್ಲವೂ ಕನ್ಸೀಲ್ಡ್. ಎಲ್ಲ ಕೇಬಲ್‌ಗಳೂ ಮೆಟ್ಟಿಲ ಕೆಳಗಿನ ಒಂದೇ ಪೆಟ್ಟಿಗೆಗೆ ಬಂದು ಸೇರಬೇಕು. ಕೆಲಸ ಮುಗಿದಾಗ ನೋಡಲು ನಿಜಕ್ಕೂ ಚೆನ್ನಾಗಿತ್ತು. ಗೋಡೆಯಲ್ಲಿ ಕೊರೆದ ಗುರುತು ಒಂದೂ ಇಲ್ಲ, ಪ್ಲೇಟುಗಳು ನೇರವಾಗಿ ಕೂತಿವೆ, ಸ್ಕರ್ಟಿಂಗ್ ಎಲ್ಲೂ ಎದ್ದಿಲ್ಲ. ಒಂದು ಕೋಣೆಯಲ್ಲಿ, ಕೇಬಲ್‌ನ ತಂತಿಗೊಂದು ದೀಪ ಉರಿಸುವ ಟೆಸ್ಟರ್ ಹಾಕಿ ತೋರಿಸಿದರು. "ಎಂಟೂ ಲೈಟ್ ಸರಿಯಾಗಿ ಬರ್ತಿದೆ ನೋಡಿ ಮೇಡಂ" ಅಂದರು. ಉಳಿದ ಕೋಣೆಗಳಲ್ಲಿ ಲ್ಯಾಪ್‌ಟಾಪ್ ಚುಚ್ಚಿ ಇಂಟರ್‌ನೆಟ್ ಬರುವುದನ್ನು ತೋರಿಸಿ ಬಿಲ್ಲು ಕೊಟ್ಟರು.

ಕೆಲವು ತಿಂಗಳು ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಇಂಟರ್‌ನೆಟ್ ಪ್ಲಾನ್ ದೊಡ್ಡದು ಮಾಡಿಸಿದೆವು. ವೈಫೈಯಲ್ಲಿ ಪ್ಲಾನಿನ ವೇಗ ಹೆಚ್ಚುಕಡಿಮೆ ಪೂರ್ತಿ ಸಿಗುತ್ತಿತ್ತು. ಆದರೆ ಇಷ್ಟು ಕಷ್ಟಪಟ್ಟು ಎಳೆಸಿದ ಕೇಬಲ್‌ನಲ್ಲಿ ಎಷ್ಟು ಸಲ ಅಳೆದರೂ ವೇಗ 94 ಎಂಬಿಪಿಎಸ್ ಸುತ್ತಲೇ ನಿಲ್ಲುತ್ತಿತ್ತು. ಈ 94 ನಿಮ್ಮ ಮನೆಯಲ್ಲೂ ಕಂಡರೆ ಇಂಟರ್‌ನೆಟ್ ಕಂಪನಿಯವರನ್ನು ಬೈಯುವ ಮೊದಲು ಕೇಬಲ್ ಕಡೆ ನೋಡಿ. 100 ಎಂಬಿಪಿಎಸ್ ಲಿಂಕ್‌ನಲ್ಲಿ, ಡೇಟಾ ಜೊತೆ ಸಾಗುವ ವಿಳಾಸ ಇತ್ಯಾದಿಗೆ ಹೋಗುವ ಪಾಲು ಕಳೆದು ಕೈಗೆ ಸಿಗುವುದು ಸುಮಾರು ಅಷ್ಟೇ. ಕ್ಯಾಟ್ 6 ಬಿಡಿ, ಹಳೆಯ ಕ್ಯಾಟ್ 5ಇ ಕೂಡ 100 ಮೀಟರ್ ದೂರಕ್ಕೆ 1000 ಎಂಬಿಪಿಎಸ್ ಒಯ್ಯಬೇಕು. ಮನೆಯೊಳಗಿನ ದೂರ ಅದರ ಹತ್ತಿರಕ್ಕೂ ಬರುವುದಿಲ್ಲ.

ಲ್ಯಾಪ್‌ಟಾಪ್ ಬದಲಾಯಿಸಿ ನೋಡಿದೆವು, ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಬದಲಾಯಿಸಿದೆವು, ಪಾಯಿಂಟ್‌ನಿಂದ ಲ್ಯಾಪ್‌ಟಾಪ್‌ಗೆ ಚುಚ್ಚುವ ಪ್ಯಾಚ್ ಕಾರ್ಡ್ ಬದಲಾಯಿಸಿದೆವು. ಕೊನೆಗೆ ಸ್ಕ್ರೂಡ್ರೈವರ್ ತಗೊಂಡು ಒಂದು ಪ್ಲೇಟ್ ಬಿಚ್ಚಿದೆ. ಮುಂದೆ ಎರಡು ಪಾಯಿಂಟ್, ಹಿಂದೆ ಕೇಬಲ್ ಒಂದೇ. ಕಿತ್ತಳೆ ಮತ್ತು ಹಸಿರು ಜೋಡಿ ಒಂದು ಪಾಯಿಂಟ್‌ಗೆ, ನೀಲಿ ಮತ್ತು ಕಂದು ಜೋಡಿ ಇನ್ನೊಂದಕ್ಕೆ. ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲೂ ಇದೇ ಹಂಚಿಕೆ.

ಇದು ಗೊತ್ತಿಲ್ಲದೆ ಆದ ತಪ್ಪಲ್ಲ, ಲೆಕ್ಕ ಹಾಕಿ ಮಾಡಿದ್ದು. 100 ಎಂಬಿಪಿಎಸ್ ಈಥರ್‌ನೆಟ್‌ಗೆ ಎರಡು ಜೋಡಿ ತಂತಿ ಸಾಕು: ಪಾಯಿಂಟ್‌ನೊಳಗಿನ ಎಂಟು ಪಿನ್‌ಗಳಲ್ಲಿ 1, 2, 3 ಮತ್ತು 6ನೆಯವು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು. ಆದ್ದರಿಂದ ಒಂದು ಕೇಬಲ್ ಸೀಳಿ ಎರಡು ಪಾಯಿಂಟ್ ಮಾಡಿದರೆ ಎರಡರಲ್ಲೂ ಇಂಟರ್‌ನೆಟ್ ಬರುತ್ತದೆ, ಮನೆಯವರಿಗೆ ಅನುಮಾನ ಬರುವುದಿಲ್ಲ, ಅರ್ಧ ಕೇಬಲ್ ಉಳಿಯುತ್ತದೆ. ಟೆಸ್ಟರ್ ತೋರಿಸಿದ್ದು ಯಾವ ಕೋಣೆಯಲ್ಲಿ ಅನ್ನುವುದು ಆಗ ಅರ್ಥವಾಯಿತು. ಇಡೀ ಮನೆಯಲ್ಲಿ ಎರಡು ಪಾಯಿಂಟ್‌ಗೆ ಎರಡು ಕೇಬಲ್ ಬಂದಿದ್ದದ್ದು ಅದೊಂದೇ ಕೋಣೆಗೆ.

ಆ ಕೋಣೆಯೂ ಸರಿ ಇರಲಿಲ್ಲ ಅನ್ನುವುದು ಬೇರೆ ಮಾತು. ಅಲ್ಲಿ ಲಿಂಕ್ ಗಿಗಾಬಿಟ್‌ಗೆ ಏರುತ್ತಿತ್ತು, ಸ್ವಲ್ಪ ಹೊತ್ತಿಗೆ 100ಕ್ಕೆ ಬೀಳುತ್ತಿತ್ತು, ವಿಡಿಯೊ ಕಾಲ್ ಮಧ್ಯೆ ಕಡಿದು ಮತ್ತೆ ಬರುತ್ತಿತ್ತು. ಟೆಸ್ಟರ್ ಹಾಕಿದರೆ ಎಂಟೂ ದೀಪ ಕ್ರಮವಾಗಿ ಉರಿಯುತ್ತವೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಮೋಸಹೋಗುವುದು ಇಲ್ಲೇ.

ಕೇಬಲ್‌ನೊಳಗಿನ ಎಂಟು ತಂತಿಗಳನ್ನು ಎರಡೆರಡಾಗಿ ಹೊಸೆದಿರುವುದು ಅಂದಕ್ಕಲ್ಲ. ಒಂದೇ ಜೋಡಿಯ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಸಂಕೇತ ಹರಿಯುತ್ತದೆ. ಹೊಸೆದಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಸಮನಾಗಿ ತಾಗಿ, ತುದಿಯಲ್ಲಿ ವಜಾ ಆಗುತ್ತದೆ. ಪಿನ್‌ಗಳಲ್ಲಿ ಜೋಡಿಗಳು 1-2, 3-6, 4-5, 7-8 ಎಂದು ಕೂರಬೇಕು. ಹಸಿರು ಜೋಡಿ ನೀಲಿಯ ಎರಡೂ ಪಕ್ಕಕ್ಕೆ ಬಿಡಿಯಾಗಿ ಕೂರುವುದು ಇದಕ್ಕೇ. ನಮ್ಮಲ್ಲಿ ಬಂದ ಹುಡುಗ ಬಣ್ಣಗಳನ್ನು ಸಾಲಾಗಿ 1-2, 3-4, 5-6, 7-8 ಎಂದು ಜೋಡಿಸಿದ್ದ. ಎರಡೂ ತುದಿಯಲ್ಲಿ ಹಾಗೇ ಮಾಡಿದ್ದರಿಂದ ಒಂದನೆಯದು ಒಂದಕ್ಕೆ, ಎಂಟನೆಯದು ಎಂಟಕ್ಕೆ ಸರಿಯಾಗಿ ತಲುಪುತ್ತದೆ, ದೀಪ ಉರಿಯುತ್ತದೆ. ಆದರೆ 3 ಮತ್ತು 6ನೇ ಪಿನ್‌ಗೆ ಹೋಗುವ ತಂತಿಗಳು ಬೇರೆ ಬೇರೆ ಹೊಸೆತದವು, ಆದ್ದರಿಂದ ಗದ್ದಲ ವಜಾ ಆಗುವುದಿಲ್ಲ. ಸ್ಪ್ಲಿಟ್ ಪೇರ್ ಅನ್ನುತ್ತಾರೆ. ದೀಪದ ಟೆಸ್ಟರ್ ತಂತಿ ಕಡಿದಿಲ್ಲ ಎಂದಷ್ಟೇ ಹೇಳಬಲ್ಲದು. ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಎಷ್ಟು ಸೋರುತ್ತಿದೆ ಅನ್ನುವುದು ಅದಕ್ಕೆ ಕಾಣುವುದೇ ಇಲ್ಲ. ಅದನ್ನು ಅಳೆಯುವ ಸರ್ಟಿಫೈಯರ್ ಯಂತ್ರವೇ ಬೇರೆ. ಪಾಯಿಂಟ್‌ಗೆ ಒಂದರಂತೆ ವರದಿ ಮುದ್ರಿಸಿ ಕೊಡುತ್ತದೆ. ಒಪ್ಪಂದದಲ್ಲಿ "ಟೆಸ್ಟ್ ಮಾಡಿ ಕೊಡಲಾಗುವುದು" ಎಂದಿದ್ದರೆ ಯಾವ ಟೆಸ್ಟ್ ಎಂದು ಕೇಳಿ ಬರೆಸಿಕೊಳ್ಳಿ.

ಈ ಜೋಡಣೆಯ ತಪ್ಪನ್ನೇನೋ ಹೊಸ ಜ್ಯಾಕ್ (ಪ್ಲೇಟಿನಲ್ಲಿ ತಂತಿಗಳು ಕೂರುವ ಸಾಕೆಟ್) ಹಾಕಿ ಸರಿಪಡಿಸಬಹುದಿತ್ತು. ಆದರೆ ತುದಿ ಕತ್ತರಿಸಿ ತಂತಿಯ ಮೇಲೆ ಚಾಕು ಆಡಿಸಿದಾಗ ಕೆಂಪು ಬಣ್ಣ ಸಿಪ್ಪೆಯಂತೆ ಎದ್ದು ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ಲೇಪ. ವ್ಯಾಪಾರದಲ್ಲಿ ಇದಕ್ಕೆ ಸಿಸಿಎ ಅನ್ನುತ್ತಾರೆ. ಹೊದಿಕೆಯ ಮೇಲೆ ಕ್ಯಾಟ್ 6 ಎಂದು ಅಚ್ಚಾಗಿತ್ತು, ಸಿಸಿಎ ಎಂಬ ಮಾತು ಎಲ್ಲೂ ಇರಲಿಲ್ಲ. ಕೇಬಲ್‌ಗಳ ಟಿಐಎ-568 ಮಾನದಂಡಕ್ಕೆ ಅಪ್ಪಟ ತಾಮ್ರವೇ ಆಗಬೇಕು. ಸಿಸಿಎ ತಂತಿಗೆ ಕ್ಯಾಟ್ 6 ಅನ್ನುವ ಹೆಸರೇ ಸಲ್ಲದು. ಅದರ ರೋಧ ಅಷ್ಟೇ ದಪ್ಪದ ತಾಮ್ರದ ತಂತಿಗಿಂತ ಸುಮಾರು ಒಂದೂವರೆ ಪಟ್ಟು. ಎರಡು ಸಲ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಜ್ಯಾಕ್‌ನಲ್ಲಿ ತಂತಿಯನ್ನು ಒತ್ತಿ ಕೂರಿಸಿದ ಕಡೆ ಕಾಲಕ್ರಮದಲ್ಲಿ ಹಿಡಿತ ಸಡಿಲವಾಗುತ್ತದೆ.

ಸೀಲಿಂಗ್‌ನಲ್ಲಿದ್ದ ವೈಫೈ ಆಕ್ಸೆಸ್ ಪಾಯಿಂಟ್ ಯಾಕೆ ಆಗಾಗ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು ಅನ್ನುವುದಕ್ಕೂ ಇದರಿಂದ ಉತ್ತರ ಸಿಕ್ಕಿತು. ಅದಕ್ಕೆ ಬೇರೆ ಪವರ್ ಇಲ್ಲ, ಕೇಬಲ್‌ನಲ್ಲೇ ವಿದ್ಯುತ್ ಹೋಗುತ್ತದೆ. ಪಿಒಇ ಅನ್ನುತ್ತಾರಲ್ಲ, ಅದೇ. 2003ರ ಮೊದಲ ಮಾನದಂಡದಲ್ಲಿ ಸ್ವಿಚ್ ಕಡೆಯಿಂದ 15.4 ವ್ಯಾಟ್, 2009ರದ್ದರಲ್ಲಿ 30, 2018ರದ್ದರಲ್ಲಿ 90 ವ್ಯಾಟ್‌ವರೆಗೂ ಹರಿಸಬಹುದು. ರೋಧ ಹೆಚ್ಚಿದ್ದಷ್ಟೂ ದಾರಿಯಲ್ಲೇ ವೋಲ್ಟೇಜ್ ಕುಸಿದು, ಕೇಬಲ್ ಬಿಸಿಯಾಗುತ್ತದೆ. ಕ್ಯಾಮೆರಾ, ಆಕ್ಸೆಸ್ ಪಾಯಿಂಟ್ ಹಾಕುವ ಯೋಚನೆ ಇರುವವರು ಸಿಸಿಎ ಕೇಬಲನ್ನು ಗೋಡೆಯೊಳಗೆ ಬಿಟ್ಟುಕೊಳ್ಳಲೇಬೇಡಿ.

ಸರಿ, ಕೇಬಲ್ ಕಳಪೆ, ಬದಲಾಯಿಸೋಣ ಅಂದುಕೊಂಡೆವು. ಎಳೆದರೆ ಬರಲಿಲ್ಲ.

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಿಟ್ಟು ತರಿಸಿದ್ದು ಇದು. ಕನ್ಸೀಲ್ಡ್ ಎಂದರೆ ಗೋಡೆಯೊಳಗೆ ಪೈಪ್, ಪೈಪ್‌ನೊಳಗೆ ಕೇಬಲ್, ಬೇಕಾದಾಗ ಹಳೆಯದು ಎಳೆದು ಹೊಸದು ತೂರಿಸಬಹುದು ಎಂದೇ ಯಾರಾದರೂ ತಿಳಿಯುತ್ತಾರೆ. ಅವರು ಪ್ಲೇಟ್‌ನ ಹಿಂದೆ ಗೇಣುದ್ದದ ಪೈಪ್ ತುಂಡು ಇಟ್ಟಿದ್ದರು, ಬಿಚ್ಚಿ ನೋಡಿದವರಿಗೆ ಕಾಣಲೆಂದು. ಅದರಾಚೆ ಗೋಡೆ ಕೊರೆದ ಜಾಗದಲ್ಲಿ ಬರೀ ಕೇಬಲ್ ಮಲಗಿಸಿ ಮೇಲೆ ಗಿಲಾವು ಮೆತ್ತಿದ್ದರು. ಪೂರ್ತಿ ಪೈಪ್ ಹಾಕಿದ್ದ ಒಂದೆರಡು ಕಡೆಯೂ ತಿರುವುಗಳಲ್ಲಿ ಉದ್ದನೆಯ ಬೆಂಡ್ ಬದಲು ಕಡಿದಾದ ಎಲ್ಬೋ ಕೂರಿಸಿದ್ದರು. ಕೇಬಲ್ ಬಾಗುವಾಗ ಅದರ ದಪ್ಪದ ನಾಲ್ಕು ಪಟ್ಟು ತ್ರಿಜ್ಯವಾದರೂ ಇರಬೇಕು. ಕ್ಯಾಟ್ 6ಕ್ಕೆ ಅದು ಸುಮಾರು 25 ಮಿಲಿಮೀಟರ್. ಎಲ್ಬೋದಲ್ಲಿ ಅಷ್ಟು ಸಿಗುವುದಿಲ್ಲ, ಬಲವಂತವಾಗಿ ಎಳೆದರೆ ಒಳಗಿನ ಹೊಸೆತ ಕೆಡುತ್ತದೆ. ಎಳೆಯುವ ಬಲಕ್ಕೂ ಮಿತಿಯಿದೆ: 110 ನ್ಯೂಟನ್, ಅಂದರೆ ಸುಮಾರು 11 ಕಿಲೋ ತೂಕ ನೇತುಹಾಕಿದಷ್ಟು. ಇಬ್ಬರು ಸೇರಿ ಜಗ್ಗಿದರೆ ಅದು ಯಾವಾಗಲೋ ದಾಟಿಹೋಗಿರುತ್ತದೆ.

ನಾವು ಕರೆಸಿದ ಇನ್ನೊಬ್ಬ ಕೆಲಸಗಾರ ಹೆಚ್ಚು ಮಾತಾಡುವವನಲ್ಲ. ಕೇಬಲ್ ಹೊದಿಕೆಯ ಮೇಲೆ ಮೀಟರಿಗೊಂದು ಅಂಕಿ ಅಚ್ಚಾಗಿರುವುದನ್ನು ತೋರಿಸಿದ. ಒಂದು ತುದಿಯ ಅಂಕಿಯಿಂದ ಇನ್ನೊಂದು ತುದಿಯದ್ದನ್ನು ಕಳೆದರೆ ಮಧ್ಯದ ಉದ್ದ ಸಿಗುತ್ತದೆ. ಮಹಡಿಯ ಕೋಣೆಯ ಕೇಬಲ್‌ಗೆ ಲೆಕ್ಕ ಹಾಕಿದರೆ ನೂರೈವತ್ತು ಮೀಟರ್ ದಾಟಿತು. ಇಡೀ ಮನೆ ಸುತ್ತಿದರೂ ಅಷ್ಟಾಗುವುದಿಲ್ಲ. "ಮಧ್ಯೆ ಎಲ್ಲೋ ಜಾಯಿಂಟ್ ಇದೆ ಮೇಡಂ, ಇದು ಒಂದೇ ಕೇಬಲ್ ಅಲ್ಲ" ಅಂದ. ಹುಡುಕಿದಾಗ ಜಾಯಿಂಟ್ ಸಿಕ್ಕಿದ್ದು ಹಜಾರದ ಲೈಟಿನ ಜಂಕ್ಷನ್ ಬಾಕ್ಸ್‌ನೊಳಗೆ. ಎಂಟು ತಂತಿಗಳನ್ನು ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಅಲ್ಲಿಂದ ಮೇಲಕ್ಕೆ ಕೇಬಲ್ ಹೋಗಿದ್ದದ್ದು ಕರೆಂಟಿನ ವೈರ್ ಇರುವ ಪೈಪ್‌ನಲ್ಲೇ.

ವೇಗದ ವಿಷಯ ಇಲ್ಲಿ ಮರೆತುಬಿಡಿ. ಮೇನ್ಸ್ ವೈರ್‌ನ ಹೊದಿಕೆ ಎಲ್ಲಾದರೂ ತರಚಿ ನೆಟ್‌ವರ್ಕ್ ತಂತಿಗೆ ತಾಗಿದರೆ ಆ ವಿದ್ಯುತ್ ಹೋಗುವುದು ಮೇಜಿನ ಮೇಲಿನ ಉಪಕರಣಕ್ಕೆ, ಅದನ್ನು ಮುಟ್ಟಿದವರ ಕೈಗೆ. ಎರಡಕ್ಕೂ ಬೇರೆ ಪೈಪ್, ಬೇರೆ ಬಾಕ್ಸ್ ಇರಲೇಬೇಕು. ಜೊತೆಜೊತೆಯಾಗಿ ಸಾಗುವ ಕಡೆ ನಡುವೆ ಅಂತರ ಬೇಕು, ದಾಟಲೇಬೇಕಾದ ಕಡೆ ಅಡ್ಡಡ್ಡ, ಲಂಬಕೋನದಲ್ಲಿ ದಾಟಿಸಬೇಕು. ಆ ದಿನವೇ ಮೇನ್ ಸ್ವಿಚ್ ಆಫ್ ಮಾಡಿಸಿ ಆ ಕೇಬಲ್ ಕಿತ್ತು ತೆಗೆಸಿದೆವು.

ಗುತ್ತಿಗೆದಾರರಿಗೆ ಫೋನ್ ಮಾಡಿದರೆ ಬಂದ ಉತ್ತರ: "ಇಂಟರ್‌ನೆಟ್ ಬರ್ತಿತ್ತಲ್ಲ ಮೇಡಂ, ಬಿಚ್ಚಿದ್ದು ನೀವು ತಾನೆ?" ವಾರಂಟಿ ಕಾಗದ ತೆಗೆದು ನೋಡಿದರೆ ಕೇಬಲ್ ಮತ್ತು ಜ್ಯಾಕ್ ಬದಲಾಯಿಸಿ ಕೊಡುತ್ತಾರೆ, ಗೋಡೆ ಒಡೆಯುವುದು ಮುಚ್ಚುವುದು ನಮ್ಮ ಖರ್ಚು ಎಂದಿತ್ತು. ಹೂತುಹೋದ ಕೇಬಲ್‌ಗೆ ಇಂಥ ವಾರಂಟಿ ಕೊಡಲು ಯಾರಿಗೂ ಕಷ್ಟವಿಲ್ಲ.

ಈಗ ಏನು ಮಾಡಿದ್ದೇವೆ ಎಂದು ಹೇಳುತ್ತೇನೆ. ಗೋಡೆ ಮತ್ತೆ ಒಡೆಯಲಿಲ್ಲ. ಹೊಸ ಕೇಬಲ್ ಮಹಡಿಗೆ ಏರಿದ್ದು ಬೀರುಗಳ ಹಿಂಬದಿಯಿಂದ. ಒಂದರ ಮೇಲೊಂದು ಬರುವ ಬೀರುಗಳ ನಡುವೆ ಸ್ಲ್ಯಾಬ್‌ಗೆ ಒಂದು ತೂತು, ಅಷ್ಟೇ. ಆದರೆ ಸ್ಲ್ಯಾಬ್ ಕೊರೆಯುವ ಮೊದಲು ಒಳಗಿನ ಕಬ್ಬಿಣ ಎಲ್ಲಿದೆ ಎಂದು ಪತ್ತೆ ಮಾಡಿಸಿ, ಗೊತ್ತಿದ್ದವರನ್ನು ಕೇಳಿಯೇ ಕೈಹಾಕಬೇಕು. ಫಾಲ್ಸ್ ಸೀಲಿಂಗ್ ಇರುವ ಕಡೆ ಅದರ ಮೇಲಿನಿಂದ ಪೈಪ್ ಹೋಗಿದೆ. ಹಳೆಯ ಟಿವಿ ಕೇಬಲ್ ಇದ್ದ ಪೈಪ್ ಖಾಲಿ ಮಾಡಿಸಿದೆವು. ಹಳೆಯದರ ತುದಿಗೆ ದಾರ ಕಟ್ಟಿ ಎಳೆದದ್ದರಿಂದ ಹೊಸದು ಸಲೀಸಾಗಿ ಬಂತು. ಹಜಾರದಲ್ಲಿ ಬಾಗಿಲ ಚೌಕಟ್ಟಿನ ಪಕ್ಕ ಚಿಕ್ಕ ಕೇಸಿಂಗ್ ಪಟ್ಟಿ ಹೊಡೆಸಿ ಗೋಡೆಯದೇ ಬಣ್ಣ ಬಳಿಸಿದ್ದೇವೆ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ಗೊತ್ತಿದ್ದವರಿಗೆ ಕಂಡರೂ ಮುಚ್ಚಳ ತೆಗೆದರೆ ಕೇಬಲ್ ಕೈಗೆ ಸಿಗುತ್ತದೆ, ನನಗೆ ಅದೇ ಬೇಕಿತ್ತು. ಎರಡು ಕೋಣೆಗಳಿಗೆ ಹೀಗೆ ದಾರಿ ಸಿಗಲಿಲ್ಲ, ಅಲ್ಲಿ ವೈಫೈಯೇ ಗತಿ. ಕಾರ್ಪೆಟ್ ಕೆಳಗೆ ಹಾಕುವ ಚಪ್ಪಟೆ ಕೇಬಲ್ ಸಲಹೆ ಮಾಡಿದವರಿದ್ದಾರೆ. ಅದರ ತಂತಿ ತೀರಾ ತೆಳು, ಮೇಜಿನ ಪಕ್ಕದ ಒಂದೆರಡು ಮೀಟರ್‌ಗೆ ಪರವಾಗಿಲ್ಲ, ಮನೆಯ ವೈರಿಂಗ್‌ಗೆ ಬೇಡ.

ನೀವು ಮಾಡಿಸುವವರಾದರೆ ಗಿಲಾವಿಗೆ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಫೋಟೊದಲ್ಲಿ ಅಳತೆ ಟೇಪ್ ಹಿಡಿದಿರಲಿ, ಮುಂದೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತದೆ. ಪೈಪ್‌ನ ಒಂದು ತುದಿಯಿಂದ ದಾರ ತೂರಿಸಿ ಇನ್ನೊಂದು ತುದಿಯಲ್ಲಿ ಹೊರಬರುವುದನ್ನು ನಿಮ್ಮ ಕಣ್ಣಾರೆ ನೋಡಿ, ಆ ದಾರ ಅಲ್ಲೇ ಇರಲಿ. ಕೇಬಲ್ ಡಬ್ಬ ನಿಮ್ಮೆದುರಿಗೇ ಒಡೆಯಲಿ, ತುದಿ ಕೆರೆದು ನೋಡಿ. ಕೊನೆಯ ಕಂತು ಕೊಡುವ ಮೊದಲು ಎಲ್ಲ ಪಾಯಿಂಟ್‌ಗೂ ಲ್ಯಾಪ್‌ಟಾಪ್ ಚುಚ್ಚಿ, ಇಂಟರ್‌ನೆಟ್ ಬರುತ್ತದೆಯೇ ಎಂದಲ್ಲ, ಲಿಂಕ್ ಸ್ಪೀಡ್ ಎಷ್ಟು ಎಂದು ನೋಡಿ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಒಂದೇ ಪ್ಲೇಟ್‌ನ ಎರಡು ಪಾಯಿಂಟ್‌ಗಳನ್ನು ಒಟ್ಟಿಗೇ ಚುಚ್ಚಿ ನೋಡಿ, ಎರಡರಲ್ಲೂ ಗಿಗಾಬಿಟ್ ಬಂದರೆ ಕನಿಷ್ಠ ಕೇಬಲ್ ಸೀಳಿಲ್ಲ ಎಂದು ಗೊತ್ತಾಗುತ್ತದೆ.

ಅವರು ತಮ್ಮ ಕೆಲಸದ ಮಾದರಿ ಎಂದು ತೋರಿಸುವ ಚಿತ್ರಗಳಲ್ಲಿ ನಮ್ಮ ಮನೆಯದ್ದೂ ಇದೆ ಎಂದು ಪರಿಚಯದವರೊಬ್ಬರು ಹೇಳಿದರು. ತೆಗೆಸಿ ಎಂದು ಹೇಳಿಯಾಗಿದೆ, ಇನ್ನೂ ತೆಗೆದಿಲ್ಲ. ಯಾರಾದರೂ ನಿಮಗೆ ಹೀಗೆ ಮುಗಿದ ಗೋಡೆಯ ಫೋಟೊ ತೋರಿಸಿದರೆ, ಅದೇ ಗೋಡೆಯ ಗಿಲಾವಿಗೆ ಮುಂಚಿನ ಫೋಟೊ ಕೇಳಿ.