ಪೈಥಾನ್ ಡೌಟು ಎಲ್ಲಿ ಕೇಳೋದು? ನಾಲ್ಕು ಕಡೆ ಕೇಳಿ ನೋಡಿದೀನಿ

ನಾನು ಬಿಕಾಂ ಓದಿರೋನು, ತುಮಕೂರಲ್ಲಿ ಅಕೌಂಟ್ಸ್ ಕೆಲಸ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ದಿನಾ ಅದೇ ಎಕ್ಸೆಲ್ ಫೈಲು ಅದೇ ಕಾಪಿ ಪೇಸ್ಟು ಅಂತ ಸಾಕಾಗಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡ್ದೆ. ಮನೇಲಾಗ್ಲಿ ಆಫೀಸಲ್ಲಾಗ್ಲಿ ಇದನ್ನ ಬಲ್ಲೋರು ಒಬ್ರೂ ಇಲ್ಲ, ಹಾಗಾಗಿ ಡೌಟ್ ಬಂದಾಗೆಲ್ಲ ಆನ್‌ಲೈನೇ ಗತಿ. ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಸೈಟು ಸ್ಟಾಕ್ ಓವರ್‌ಫ್ಲೋ, ರೆಡ್ಡಿಟ್ ಅನ್ನೋ ಚರ್ಚೆ ಸೈಟಿನ ಒಳಗಿನ ಲರ್ನ್‌ಪೈಥಾನ್ ಗುಂಪು, ನಮ್ಮ ಕಡೆಯೋರೇ ಇರೋ ಒಂದು ಚಾಟ್ ಗ್ರೂಪು, ಆಮೇಲೆ ಎಐ ಚಾಟ್‌ಬಾಟು, ಈ ನಾಲ್ಕರಲ್ಲೂ ಕೇಳಿದೀನಿ.

ಒಂದೇ ಪ್ರಶ್ನೆ ಇಟ್ಕೊಂಡು ಹೇಳಿದ್ರೆ ವ್ಯತ್ಯಾಸ ಬೇಗ ಗೊತ್ತಾಗುತ್ತೆ. ಅಂಕಗಳ ಒಂದು ಲಿಸ್ಟು: 28, 31, 60, 72. ಇದ್ರಲ್ಲಿ 35ಕ್ಕಿಂತ ಕಮ್ಮಿ ಇರೋದನ್ನ ತೆಗೀಬೇಕು, ಒಂದೊಂದನ್ನೇ ಸಾಲಾಗಿ ಎತ್ಕೊಂಡು ನೋಡೋ ಫಾರ್ ಲೂಪ್ ಹಾಕ್ದೆ, ಒಳಗೆ ತೆಗೆದುಹಾಕೋಕೆ ರಿಮೂವ್ ಕೊಟ್ಟೆ, ರನ್ ಮಾಡಿದ್ರೆ 28 ಹೋಯ್ತು 31 ಅಲ್ಲೇ ಕೂತಿದೆ. ಎರರ್ ಕೂಡ ಇಲ್ಲ. ಎರರ್ ಬಂದ್ರೆ ಅದನ್ನಾದ್ರೂ ಸರ್ಚ್ ಮಾಡಬಹುದು, ಸುಮ್ನೆ ತಪ್ಪು ಉತ್ತರ ಬಂದ್ರೆ ಹೊಸಬರು ಏನಂತ ಹುಡುಕ್ಬೇಕು?

ಮೊದ್ಲು ಚಾಟ್‌ಬಾಟಿಗೆ ಕೇಳ್ದೆ, ಕನ್ನಡದಲ್ಲೇ ಟೈಪ್ ಮಾಡಿ. ಹತ್ತು ಸೆಕೆಂಡಲ್ಲಿ ಸರಿಯಾದ ಕೋಡ್ ಬಂತು, ಹೊಸ ಲಿಸ್ಟ್ ಮಾಡ್ಕೊಳ್ಳೋ ಒಂದೇ ಸಾಲಿಂದು, ಕೆಳಗೆ ಕಾರಣಾನೂ ಬರೆದಿತ್ತು. ಕೆಲಸ ಆಯ್ತಲ್ಲ ಅಂತ ನಾನು ಕಾರಣ ಓದೋಕೇ ಹೋಗ್ಲಿಲ್ಲ. ಮುಂದಿನ ವಾರ ಒಂದು ಡಿಕ್ಷನರಿ (ಹೆಸರಿಗೊಂದು ಬೆಲೆ ಅಂತ ಜೋಡಿಸಿಡೋ ಪಟ್ಟಿ) ಮೇಲೆ ಲೂಪ್ ಓಡಿಸ್ತಾ ಒಳಗಡೆ ಡಿಲೀಟ್ ಮಾಡ್ದೆ, ಈ ಸಲ ಪೈಥಾನ್ ನೇರವಾಗೇ ರನ್‌ಟೈಮ್ ಎರರ್ ಕೊಟ್ಟು, ಡಿಕ್ಷನರಿ ಸೈಜು ನಡುವೆ ಬದಲಾಗಿದೆ ಅಂತ ನಿಲ್ಲಿಸಿಬಿಡ್ತು. ಎರಡೂ ಒಂದೇ ರೋಗ ಅಂತ ನನಗೆ ಹೊಳೀಲೇ ಇಲ್ಲ.

ಆಗ ಲರ್ನ್‌ಪೈಥಾನ್‌ಗೆ ಹೋದೆ, ಲಿಸ್ಟಿನ ಪ್ರಶ್ನೇನೇ ಮತ್ತೆ ಹಾಕ್ದೆ. ಇಂಗ್ಲಿಷ್ ಬರೆಯೋಕೆ ಭಯ ಇತ್ತು, ಮುಕ್ಕಾಲು ಗಂಟೆ ಹಿಡೀತು. ಅಲ್ಲೊಬ್ರು ಉತ್ತರ ಕೊಡ್ಲಿಲ್ಲ, ವಾಪಸ್ ಒಂದು ಪ್ರಶ್ನೆ ಕೇಳಿದ್ರು: ಲೂಪಿನ ಪ್ರತಿ ಸುತ್ತಲ್ಲೂ ಈಗ ಯಾವ ಅಂಕ ಕೈಯಲ್ಲಿದೆ, ಲಿಸ್ಟ್ ಹೇಗಿದೆ, ಎರಡನ್ನೂ ಪ್ರಿಂಟ್ ಮಾಡಿ, ಅಂದ್ರೆ ಸ್ಕ್ರೀನ್ ಮೇಲೆ ತೋರಿಸಿ, ನೋಡಿದೀರಾ ಅಂತ. ಮಾಡ್ದೆ. 28 ತೆಗೆದ ತಕ್ಷಣ 31 ಮೊದಲನೇ ಜಾಗಕ್ಕೆ ಸರ್ಕೊಂಡಿದೆ, ಆದ್ರೆ ಲೂಪು ಎರಡನೇ ಜಾಗಕ್ಕೆ ಹೋಗಿ ನೇರ 60 ಎತ್ಕೊಂಡಿದೆ, 31ರ ಮುಖಾನೇ ಅದು ನೋಡಿಲ್ಲ! ಕ್ಯೂನಲ್ಲಿ ಮುಂದಿನೋರು ಹೋದ್ಮೇಲೆ ಎಲ್ರೂ ಒಂದ್ ಹೆಜ್ಜೆ ಮುಂದೆ ಬಂದಿರ್ತಾರೆ, ಕ್ಲರ್ಕ್ ಮಾತ್ರ ಎರಡನೇ ಜಾಗದಲ್ಲಿ ನಿಂತೋರನ್ನ ಕರೀತಾನೆ, ಅಷ್ಟೇ ಕಥೆ. ಡಿಕ್ಷನರಿ ಎರರ್ ಕೂಡ ಅವತ್ತೇ ಅರ್ಥ ಆಯ್ತು. ಆ ಪ್ರಿಂಟ್ ಮಾಡಿ ನೋಡೋ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಹೊಸಬರಿಗೆ ನಾನು ಲರ್ನ್‌ಪೈಥಾನ್ ಮೊದಲು ಅನ್ನೋದು ಇದಕ್ಕೇ, ಅಲ್ಲಿ ಕೇಳೋರ ಕೈಲೇ ಕೆಲಸ ಮಾಡಿಸ್ತಾರೆ. ಕೋಡನ್ನ ಫೋಟೋ ಹೊಡೆದು ಹಾಕಬೇಡಿ, ಪ್ರತಿ ಸಾಲಿಗೂ ಮುಂದೆ ನಾಲ್ಕು ಸ್ಪೇಸ್ ಬಿಟ್ಟು ಟೆಕ್ಸ್ಟಾಗೇ ಹಾಕಿ, ಅವರು ಕಾಪಿ ಮಾಡಿ ಓಡಿಸಿ ನೋಡ್ತಾರೆ.

ಸ್ಟಾಕ್ ಓವರ್‌ಫ್ಲೋ ಬಗ್ಗೆ ಹೊಸಬರಿಗೆ ಹೆದರಿಕೆ ಜಾಸ್ತಿ. 2008ರಲ್ಲಿ ಜೆಫ್ ಅಟ್‌ವುಡ್, ಜೋಯೆಲ್ ಸ್ಪೋಲ್ಸ್ಕಿ ಶುರು ಮಾಡಿದ್ದು ಅದು. ಹೊಸಬರಿಗೆ ನಮ್ಮಲ್ಲಿ ಆದರ ಸಿಗ್ತಿಲ್ಲ ಅಂತ 2018ರಲ್ಲಿ ಆ ಕಂಪನಿನೇ ಒಪ್ಕೊಂಡಿತ್ತು. ನಾನು ಹೇಳೋದಾದ್ರೆ ಅದನ್ನ ಪ್ರಶ್ನೆ ಕೇಳೋ ಜಾಗ ಅಂತ ನೋಡಬೇಡಿ, ಲೈಬ್ರರಿ ಅಂತ ನೋಡಿ. ಒಂದು ಪ್ರಶ್ನೆ ಒಂದೇ ಸಲ ಇರಬೇಕು, ಮುಂದೆ ಬರೋರೆಲ್ಲ ಅದನ್ನೇ ಓದಬೇಕು ಅನ್ನೋದು ಅವರ ಲೆಕ್ಕ, ಅದಕ್ಕೇ ಹಳೇ ಪ್ರಶ್ನೆ ಮತ್ತೆ ಕೇಳಿದ್ರೆ ಡೂಪ್ಲಿಕೇಟ್ ಅಂತ ಮುಚ್ತಾರೆ, ಬೇರೆಯೋರ ಪೋಸ್ಟಿಗೆ ಕಾಮೆಂಟ್ ಹಾಕೋಕೂ ಆ ಸೈಟಲ್ಲಿ ಗಳಿಸಿದ 50 ಪಾಯಿಂಟ್ ಬೇಕು. ನನ್ನ ಲಿಸ್ಟ್ ಪ್ರಶ್ನೆ ಅಲ್ಲಿ ಆಗ್ಲೇ ಇತ್ತು, ಒಂದಕ್ಕೆ ಹತ್ತಾರು ಉತ್ತರ, ಒಂದೊಂದೂ ಒಂದೊಂದು ಕಡೆಯಿಂದ ಬಿಡಿಸಿ ಹೇಳಿರೋದು. ಇನ್ನೊಂದು ಲಾಭ, ಅವರ ನಿಯಮದ ಪ್ರಕಾರ ತೊಂದರೆ ಕಾಣೋಷ್ಟು ಮಾತ್ರ ಚಿಕ್ಕ ಕೋಡ್ ಕೊಡ್ಬೇಕು, ನನ್ನ 120 ಸಾಲನ್ನ ಹಾಗೆ ಎಂಟು ಸಾಲಿಗೆ ಇಳಿಸ್ತಾ ಇಳಿಸ್ತಾ ಎರಡು ಸಲ ತಪ್ಪು ನಾನೇ ಕಂಡುಹಿಡಿದು ಪೋಸ್ಟೇ ಮಾಡ್ಲಿಲ್ಲ.

ಚಾಟ್ ಗ್ರೂಪಲ್ಲಿ ಇದೇ ಪ್ರಶ್ನೆಗೆ "ಕಾಪಿ ತಗೊಂಡು ಲೂಪ್ ಮಾಡು ಬ್ರೋ" ಅಂತ ಒಂದು ಸಾಲು ಬಂತು, ಅದರ ಮೇಲೆ ಗುಡ್ ಮಾರ್ನಿಂಗ್ ಮೆಸೇಜುಗಳು ಬಿದ್ದು ಮುಚ್ಚೋಯ್ತು. ಪರ್ಸನಲ್ಲಾಗಿ ಇಬ್ರು ದುಡ್ಡಿನ ಕೋರ್ಸ್ ಮಾರೋಕೆ ಬಂದ್ರು, ಅದು ಬೇಜಾರೇ.

ಆದ್ರೂ ಆ ಗ್ರೂಪ್ ನಾನು ಬಿಡಲ್ಲ. ಆಫೀಸಿನ ಪಾರ್ಟಿಗಳ, ಅಂದ್ರೆ ನಮ್ಮ ಜತೆ ವ್ಯವಹಾರ ಮಾಡೋರ, ಹೆಸರು ಊರು ಕನ್ನಡದಲ್ಲಿ ಸಾಲಾಗಿ ಪ್ರಿಂಟ್ ಮಾಡ್ಬೇಕಿತ್ತು, ಕಾಲಂ ನೆಟ್ಟಗೆ ನಿಲ್ತಾನೇ ಇಲ್ಲ. ನೋಡಿದ್ರೆ "ಮೈಸೂರು" ಅನ್ನೋದರ ಉದ್ದ ಕೇಳಿದ್ರೆ ಪೈಥಾನ್ 6 ಅನ್ನುತ್ತೆ, ನಮ್ಮ ಕಣ್ಣಿಗೆ ಮೂರೇ ಅಕ್ಷರ. ಲರ್ನ್‌ಪೈಥಾನ್‌ನಲ್ಲಿ ಯೂನಿಕೋಡ್ ಕೋಡ್ ಪಾಯಿಂಟು ಅಂತ ಸರಿಯಾಗೇ ಹೇಳಿದ್ರು, ನನ್ನ ತಲೆಗೆ ಹೋಗ್ಲಿಲ್ಲ. ಗ್ರೂಪಲ್ಲಿ ಒಬ್ರು ಮೇಷ್ಟ್ರು ಕಾಗುಣಿತದಲ್ಲಿ ಹೇಳಿದ್ರು: ಮಕಾರಕ್ಕೆ ಐತ್ವ ಮೈ, ಸಕಾರಕ್ಕೆ ಕೊಂಬಿನ ದೀರ್ಘ ಸೂ, ರಕಾರಕ್ಕೆ ಕೊಂಬು ರು, ಕಂಪ್ಯೂಟರ್ ಅಕ್ಷರ ಬೇರೆ ಕೊಂಬು ಬೇರೆ ಎಣಿಸುತ್ತೆ ಕಣಪ್ಪಾ, ಮೂರು ಮೂರು ಆರು. ಅದನ್ನ ಹಿಂದುಮುಂದು ತಿರುಗಿಸಿ ಪ್ರಿಂಟ್ ಮಾಡಿ ನೋಡು ಅಂದ್ರು, ಮಾಡಿದ್ರೆ ಒಂದು ಕೊಂಬು ಅನಾಥವಾಗಿ ಮುಂದೆ ನಿಂತು ಹಿಂದೆ "ರೂಸೈಮ" ಅಂತ ಬಂತು, ಕೊಂಬುಗಳೆಲ್ಲ ಪಕ್ಕದ ಅಕ್ಷರಕ್ಕೆ ಹತ್ಕೊಂಡಿವೆ. ಅಷ್ಟು ಚೆನ್ನಾಗಿ ನನಗೆ ಬೇರೆ ಎಲ್ಲೂ ಅರ್ಥ ಆಗಿಲ್ಲ. ಸ್ಟಾಕ್ ಓವರ್‌ಫ್ಲೋ ಇಂಗ್ಲಿಷ್ ಬಿಟ್ರೆ ಪೋರ್ಚುಗೀಸ್, ಸ್ಪ್ಯಾನಿಷ್, ರಷ್ಯನ್, ಜಪಾನೀಸಲ್ಲಿ ಇದೆ, ಕನ್ನಡದಲ್ಲೂ ಅಂಥದ್ದೊಂದು ಇದ್ದಿದ್ರೆ ಆ ಮೇಷ್ಟ್ರ ಉತ್ತರ ಗುಡ್ ಮಾರ್ನಿಂಗ್ ಕೆಳಗೆ ಹೂತುಹೋಗ್ತಿರಲಿಲ್ಲ.

ಚಿಕ್ಕಪ್ಪನ ಮಗಳು ಈಗ ಪಿಯುಸಿ ಮುಗಿಸಿ ಪೈಥಾನ್ ಹಿಡಿದಿದಾಳೆ. ಅವಳಿಗೆ ಹೇಳಿರೋದು ಇಷ್ಟು: ಮೊದ್ಲು ಪ್ರಿಂಟ್ ಹಾಕಿ ನೋಡಮ್ಮ, ಆಮೇಲೆ ಸ್ಟಾಕ್ ಓವರ್‌ಫ್ಲೋದಲ್ಲಿ ಹುಡುಕು, ಸಿಗದಿದ್ರೆ ಲರ್ನ್‌ಪೈಥಾನ್‌ನಲ್ಲಿ ಕೇಳು, ಕನ್ನಡ ಅಕ್ಷರದ ವಿಷಯ ಆದ್ರೆ ಗ್ರೂಪಿಗೆ ಹಾಕು. ಚಾಟ್‌ಬಾಟಿಗೆ ಕೋಡ್ ಕೇಳಬೇಡ, ನಿನ್ನ ಕನ್ನಡ ಪ್ರಶ್ನೇನ ಇಂಗ್ಲಿಷಿಗೆ ಮಾಡಿಸ್ಕೊ. ಮುಕ್ಕಾಲು ಗಂಟೆ ಹಿಡೀತಿದ್ದ ಕೆಲಸ ಅವಳಿಗೆ ಐದು ನಿಮಿಷಕ್ಕೆ ಬಂದಿದೆ.